ಜಾಮೀನು ಸಿಕ್ಕರೂ ತೆರೆಯದ ಜೈಲು ಬಾಗಿಲು

ಕಲಬುರಗಿಯ ಕೇಂದ್ರ ಕಾರಾಗೃಹದಲ್ಲಿ ದಿನ ಶುರುವಾಗುವುದೂ ಮುಗಿಯುವುದೂ ಎಣಿಕೆಯಿಂದಲೇ. ಬೆಳಿಗ್ಗೆ ಬ್ಯಾರಕ್‌ಗಳ ಬೀಗ ತೆಗೆದಾಗ ಒಮ್ಮೆ, ಸಂಜೆ ಬೀಗ ಹಾಕುವ ಮುನ್ನ ಮತ್ತೊಮ್ಮೆ ತಲೆ ಎಣಿಸುತ್ತಾರೆ. ಒಬ್ಬ ಹೆಚ್ಚುಕಡಿಮೆಯಾದರೂ ಮೊದಲಿಂದ ಎಣಿಸಬೇಕು. ನಡುವಿನ ಹೊತ್ತಿನಲ್ಲಿ ಸಜಾ ಬಂದಿಗಳು ಬಿಳಿ ಬಟ್ಟೆಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ವಿಚಾರಣಾಧೀನರಿಗೆ ಮೈಮೇಲೆ ಸ್ವಂತ ಬಟ್ಟೆ, ಕೆಲಸದ ಕಡ್ಡಾಯವಿಲ್ಲ. ಮುಂದಿನ ತಾರೀಖು ಯಾವಾಗ, ಮುಲಾಖತ್ತಿಗೆ ಊರಿಂದ ಯಾರಾದರೂ ಬಂದಾರೇ ಎಂದು ಕಾಯುವುದೇ ಅವರ ದಿನ. ದೇಶದ ಜೈಲುಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರು ಇಂಥವರೇ: ತಪ್ಪಿತಸ್ಥರೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳದವರು.

ನಿಜಾಮರ ಆಳ್ವಿಕೆಯಲ್ಲಿ ಗುಲಬರ್ಗಾ ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರವಾಗಿತ್ತು. ನಿಜಾಮರ ವಿರುದ್ಧ ನಡೆದ 1939ರ ಆರ್ಯ ಸಮಾಜದ ಸತ್ಯಾಗ್ರಹದಲ್ಲಿ ಅದರ ಮುಂದಾಳು ಮಹಾತ್ಮ ನಾರಾಯಣ ಸ್ವಾಮಿಯವರು ಸೆರೆವಾಸ ಅನುಭವಿಸಿದ್ದು ಈ ಊರಿನ ಜೈಲಿನಲ್ಲೇ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಒಂದೊಂದು ಸೀಮೆಗೆ ಒಂದೊಂದು ಜೈಲು ಕಾನೂನಿದ್ದ ರಾಜ್ಯಕ್ಕೆ 1963ರ ಕಾಯ್ದೆ, 1974ರ ನಿಯಮಗಳು ಏಕರೂಪ ತಂದವು. ಆದರೂ ಜಾತಿ ನೋಡಿ ಕೆಲಸ ಹಂಚುವ ವಸಾಹತು ಕಾಲದ ಚಾಳಿ ದೇಶದ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಉಳಿದೇ ಇತ್ತು. ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕವೆಂದು ಹೇಳಿದ್ದು 2024ರ ಅಕ್ಟೋಬರ್ 3ರಂದು. ಇಷ್ಟು ತಡವಾಗಬಾರದಿತ್ತು.

ಅಷ್ಟೇ ನೋವಿನ ಸಂಗತಿ ಜಾಮೀನಿನದು. ಆದೇಶ ಬಂದರೆ ಸಾಲದು, ಪಹಣಿ ಹಿಡಿದು ಬಂದು ನ್ಯಾಯಾಧೀಶರ ಮುಂದೆ ನಿಲ್ಲುವ ಜಾಮೀನುದಾರ ಬೇಕು. ಗುಳೆ ಹೋಗಿ ಬದುಕುವ, ತುಂಡು ಹೊಲವೂ ಇಲ್ಲದ ಕುಟುಂಬ ಅಂಥವರನ್ನು ಎಲ್ಲಿಂದ ತಂದೀತು? ಹೊಲ ಇದ್ದವನು ಹೊರಗೆ, ಇಲ್ಲದವನು ಒಳಗೆ ಎಂಬಂತಾಗಿದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ತೋರಿಸಿತು. ಜಾಮೀನು ಸಿಕ್ಕ ಏಳು ದಿನದೊಳಗೆ ಬಂದಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ನ್ಯಾಯಾಲಯವೇ ಷರತ್ತು ಸಡಿಲಿಸಬಹುದು. ಬಡ ವಿಚಾರಣಾಧೀನರ ಜಾಮೀನು ಹಣಕ್ಕೆ ನೆರವು ಕೊಡುವ ಕೇಂದ್ರದ ಯೋಜನೆಯೂ ಅದೇ ವರ್ಷ ಬಂತು; ಆಗ ಅದರ ಮಿತಿ 40,000 ರೂಪಾಯಿ ಇತ್ತು. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ತಪ್ಪಿತಸ್ಥರೆಂದು ತೀರ್ಪಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿಯ ಪ್ರಕರಣಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೆ ಇದು ಅನ್ವಯಿಸದು. ಅವಧಿ ತುಂಬಿದವರ ಪರವಾಗಿ ಅರ್ಜಿ ಹಾಕಬೇಕಾದ್ದೂ ಜೈಲು ಅಧೀಕ್ಷಕರೇ.

ಮಗನೋ ಗಂಡನೋ ಒಳಗಿರುವ ಮನೆಯವರು ಕೈಸಾಲ ಮಾಡುವ ಮೊದಲು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಲಿ. ಬಂಧನದಲ್ಲಿರುವವರಿಗೆ ಅಲ್ಲಿ ವಕೀಲರ ನೆರವು ಉಚಿತ.