ಮನೆ ಫ್ಯಾಕ್ಟರೀಲಿ ಪಾಸ್ ಆಯ್ತು, ನೆಲಕ್ಕೆ ಯಾರು ಗ್ಯಾರಂಟಿ?

ಅಮೆರಿಕದಲ್ಲಿರೋ ನಮ್ಮೋರು ಇದನ್ನ ನೋಡೇ ಇರ್ತೀರ, ಹೈವೇಲಿ ಲಾರಿ ಹಿಂದೆ ಅರ್ಧ ಮನೆ ಹೋಗ್ತಿರತ್ತೆ, ಕಿಟಕಿ ಬಾಗಿಲು ಎಲ್ಲಾ ಇರತ್ತೆ, ಒಂದು ಪಕ್ಕ ಮಾತ್ರ ಗೋಡೆ ಬದಲು ಪ್ಲಾಸ್ಟಿಕ್ ಶೀಟ್. ಇನ್ನರ್ಧ ಹಿಂದೆ ಬೇರೆ ಲಾರೀಲಿ ಬರ್ತಿರತ್ತೆ. ಫ್ಯಾಕ್ಟರೀಲಿ ಕಟ್ಟಿ, ಜಾಗಕ್ಕೆ ತಂದು ಕೂರಿಸೋ ಈ ಮನೆಗೆ ಮ್ಯಾನುಫ್ಯಾಕ್ಚರ್ಡ್ ಹೋಮ್ ಅಂತಾರೆ, ಜನ ಮಾತ್ರ ಈಗ್ಲೂ ಮೊಬೈಲ್ ಹೋಮ್ ಅಂತಾನೇ ಕರೀತಾರೆ.

ವಿಚಿತ್ರ ಏನಂದ್ರೆ ಈ ಮನೆಗೆ ಊರಿನ ಬಿಲ್ಡಿಂಗ್ ರೂಲ್ಸ್ ಅನ್ವಯ ಆಗಲ್ಲ. 1974ರಲ್ಲಿ ಅಲ್ಲಿನ ಕಾಂಗ್ರೆಸ್, ಅಂದ್ರೆ ಅವರ ಸಂಸತ್ತು, ಒಂದು ಕಾಯ್ದೆ ಮಾಡ್ತು, ಅದರ ಕೆಳಗೆ ವಸತಿ ಇಲಾಖೆ, ಅಂದ್ರೆ ಹಡ್, ಬರೆದ ಕೋಡ್ 1976ರ ಜೂನ್ 15ಕ್ಕೆ ಜಾರಿಗೆ ಬಂತು. ಗೋಡೆ, ಚಾವಣಿ, ವೈರಿಂಗ್, ಪ್ಲಂಬಿಂಗ್, ಬೆಂಕಿ ಬಿದ್ರೆ ಬೆಡ್‌ರೂಮಿಂದ ಹೊರಗೆ ಹಾರೋ ಕಿಟಕಿ, ಎಲ್ಲಕ್ಕೂ ದೇಶಕ್ಕೆಲ್ಲಾ ಒಂದೇ ರೂಲು. ತಪಾಸಣೆ ಫ್ಯಾಕ್ಟರಿ ಒಳಗೇ ಮುಗಿಯತ್ತೆ, ಪಾಸಾದ್ರೆ ಮನೆಯ ಪ್ರತಿ ತುಂಡಿಗೂ ಹೊರಗಡೆ ಒಂದು ಕೆಂಪು ಲೋಹದ ಲೇಬಲ್ ಹೊಡೀತಾರೆ. ಆಮೇಲೆ ಯಾವ ಊರಿನ ಇನ್ಸ್‌ಪೆಕ್ಟರೂ ಗೋಡೆ ಇನ್ನೂ ದಪ್ಪ ಬೇಕು ಅಂತ ತಕರಾರು ತೆಗೆಯೋ ಹಾಗಿಲ್ಲ.

ಒಳ್ಳೇ ಐಡಿಯಾನೇ. ಆದ್ರೆ ಮನೆ ನಿಲ್ಲೋದು ಫ್ಯಾಕ್ಟರೀಲಲ್ಲ, ಮಣ್ಣಿನ ಮೇಲೆ, ಮತ್ತೆ ಮಣ್ಣು ಊರಿಂದೂರಿಗೆ ಬೇರೆ. ನನ್ನ ಪ್ರಕಾರ ಈ ಕಾನೂನಿನ ಕಥೆ ಶುರುವಾಗೋದೇ ಲಾರಿ ಬಿಟ್ಟು ಹೋದ್ಮೇಲೆ.

ಮೊದಲು ಗಾಳಿ ವಿಷಯ. ಗಾಳಿ ಬಂದು ಗೋಡೆಗೆ ಬಡಿಯತ್ತೆ, ಸೂರಿನ ಮೇಲೆ ಹತ್ತಿ ಹೋಗುವಾಗ ವೇಗ ಜಾಸ್ತಿ ಆಗಿ ಅಲ್ಲಿ ಒತ್ತಡ ಕಮ್ಮಿ ಆಗತ್ತೆ, ಅಂದ್ರೆ ಒಂದು ಕಡೆ ತಳ್ಳೋದು, ಮೇಲ್ಗಡೆ ಎಳೆಯೋದು ಎರಡೂ ಒಟ್ಟಿಗೆ ನಡೆಯತ್ತೆ. ಮರದ ಚೌಕಟ್ಟಿನ ಹಗುರ ಮನೆ, ಅದೂ ಕಾಂಕ್ರೀಟ್ ಬ್ಲಾಕ್ ಪೇರಿಸಿ ಅದರ ಮೇಲೆ ಕೂರಿಸಿರೋದು, ಸುಮ್ನೆ ತನ್ನ ತೂಕದ ಮೇಲೇ ನಿಂತಿದ್ರೆ ಜಾರತ್ತೆ ಇಲ್ಲಾ ಮಗುಚತ್ತೆ. ಗಾಳಿಯ ಬಲ ವೇಗದ ವರ್ಗದ (ವೇಗ × ವೇಗ) ಲೆಕ್ಕದಲ್ಲಿ ಏರೋದ್ರಿಂದ ಗಂಟೆಗೆ 100 ಮೈಲಿ ಇದ್ದಿದ್ದು 110 ಆದ್ರೆ ಬಲ 10 ಪರ್ಸೆಂಟ್ ಅಲ್ಲ, 21 ಪರ್ಸೆಂಟ್ ಏರತ್ತೆ. 1992ರ ಆಗಸ್ಟಲ್ಲಿ ಆಂಡ್ರೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕಿರೋ ಮೊಬೈಲ್ ಹೋಮ್ ಕಾಲೊನಿಗಳನ್ನ ಗುಡಿಸಿ ಹಾಕಿದ್ಮೇಲೇ ಹಡ್ ಎಚ್ಚೆತ್ತಿದ್ದು. 1994ರಲ್ಲಿ ದೇಶವನ್ನ ಮೂರು ಗಾಳಿ ವಲಯ ಮಾಡಿದ್ರು, ಎರಡನೇ ವಲಯದ ಮನೆ ಗಂಟೆಗೆ 100 ಮೈಲಿ ಗಾಳಿ ತಡೀಬೇಕು, ಮೂರನೇದು 110. 2004ರಲ್ಲಿ ಚಾರ್ಲಿ ಚಂಡಮಾರುತ ಫ್ಲೋರಿಡಾಗೆ ಬಡಿದಾಗ 1994ರ ನಂತರದ ಮನೆಗಳು ಹಳೇವಕ್ಕಿಂತ ಎಷ್ಟೋ ಚೆನ್ನಾಗಿ ನಿಂತ್ವು.

ಮನೆ ನೆಲ ಬಿಡದ ಹಾಗೆ ಹಿಡಿಯೋದು ಆಂಕರ್‌ಗಳು. ಪೆಂಡಾಲಿಗೆ ಗೂಟ ಹೊಡೆದು ಹಗ್ಗ ಕಟ್ತೀವಲ್ಲ, ತತ್ವ ಅದೇ, ಇಲ್ಲಿ ಗೂಟ ಅಂದ್ರೆ ಮಣ್ಣಿಗೆ ತಿರುಗಿಸಿ ಇಳಿಸೋ ಸ್ಕ್ರೂ ಥರದ ಉಕ್ಕಿನ ರಾಡು, ಹಗ್ಗ ಅಂದ್ರೆ ಸತು ಲೇಪಿಸಿದ ಉಕ್ಕಿನ ಪಟ್ಟಿ. ಓರೆಯಾಗಿ ಕಟ್ಟಿದ ಪಟ್ಟಿ ಜಾರೋದನ್ನ ತಡೆಯತ್ತೆ, ನೇರ ಪಟ್ಟಿ ಮೇಲೇಳೋದನ್ನ. ಒಂದೊಂದು ಆಂಕರೂ 3,150 ಪೌಂಡ್ ಎಳೆತ ತಡೀಬೇಕು, ಅದರ ಮೇಲೆ 50 ಪರ್ಸೆಂಟ್ ಹೆಚ್ಚು, ಅಂದ್ರೆ 4,725 ಪೌಂಡ್ ಬಂದ್ರೂ ಕೈ ಕೊಡಬಾರದು. ಆದ್ರೆ ಆಂಕರ್ ಎಷ್ಟೇ ಗಟ್ಟಿ ಇರ್ಲಿ, ಸುತ್ತಲಿನ ಮಣ್ಣು ಮಳೇಲಿ ನೆಂದು ಮೆತ್ತಗಾಗಿದ್ರೆ ಏನು ಪ್ರಯೋಜನ? ಅದಕ್ಕೇ ಮಣ್ಣು ಪರೀಕ್ಷೆ ಮಾಡಿ ಆಂಕರ್ ಆರಿಸ್ಬೇಕು, ನೀರು ಮನೆಯಿಂದ ಆಚೆ ಹರಿಯೋ ಹಾಗೆ ಮೊದಲ ಹತ್ತು ಅಡಿ, ಅಡಿಗೆ ಅರ್ಧ ಇಂಚಿನಷ್ಟು ಇಳಿಜಾರು ಕೊಡ್ಬೇಕು. ಮಿನೆಸೋಟಾದಂಥ ಚಳಿ ಕಡೆ ಇನ್ನೊಂದು ಕಾಟ, ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಮನೆ ಹೊತ್ತಿರೋ ಬ್ಲಾಕಿನ ಕಂಬವನ್ನ ಮೇಲಕ್ಕೆ ಎತ್ತತ್ತೆ, ಎಲ್ಲಾ ಕಂಬವೂ ಒಂದೇ ಸಮ ಏಳಲ್ಲ, ಬಾಗಿಲು ಸಿಕ್ಕಾಕೊಳ್ಳತ್ತೆ, ಎರಡು ಅರ್ಧ ಸೇರೋ ಜಾಗದಲ್ಲಿ ಬಿರುಕು ಬೀಳತ್ತೆ. ಅಲ್ಲಿ ಪಾಯ ಮೂರೂವರೆ ಅಡಿಯಿಂದ ಐದು ಅಡಿವರೆಗೂ ಹೋಗತ್ತೆ.

ಇಷ್ಟೆಲ್ಲಾ ಮುಖ್ಯವಾದ, ಮನೆ ಕೂರಿಸೋ ಈ ಕೆಲಸಕ್ಕೆ ದೇಶವ್ಯಾಪಿ ಕನಿಷ್ಠ ರೂಲು ಬೇಕು ಅಂತ ಕಾನೂನಲ್ಲಿ ಬಂದಿದ್ದು 2000ದಲ್ಲಿ, ಆ ರೂಲು ಪ್ರಕಟ ಆಗಿದ್ದು 2007ರಲ್ಲಿ! ಅಲ್ಲಿವರೆಗೆ ಒಂದೊಂದು ರಾಜ್ಯದ್ದು ಒಂದೊಂದು ಥರ. ಈಗ ರಾಜ್ಯಗಳು ಅದಕ್ಕೆ ಸಮನಾದ ಇಲ್ಲಾ ಅದಕ್ಕಿಂತ ಬಿಗಿಯಾದ ವ್ಯವಸ್ಥೆ ನಡೆಸ್ಬಹುದು, ನಡೆಸದ ಕಡೆ ಹಡ್ ತಾನೇ ಇನ್‌ಸ್ಟಾಲರ್‌ಗಳಿಗೆ, ಅಂದ್ರೆ ಮನೆ ಕೂರಿಸೋರಿಗೆ, ಲೈಸೆನ್ಸ್ ಕೊಡತ್ತೆ. ಮುಂಚೆ ಗೋಡೆ ಬಿರುಕು ಬಿಟ್ರೆ ಫ್ಯಾಕ್ಟರಿಯೋರು ಇನ್‌ಸ್ಟಾಲರ್ ಕಡೆ, ಇನ್‌ಸ್ಟಾಲರ್ ಡೀಲರ್ ಕಡೆ ಕೈ ತೋರಿಸೋದು ಸುಲಭ ಇತ್ತು, ಅದಕ್ಕೂ 2000ದ ಕಾಯ್ದೆ ಒಂದು ವ್ಯಾಜ್ಯ ಪರಿಹಾರದ ದಾರಿ ಮಾಡ್ತು, ಮನೆ ಕೂರಿಸಿದ ಒಂದು ವರ್ಷದೊಳಗೆ ದೂರು ಕೊಟ್ರೆ ಮಾತ್ರ.

ಇಲ್ಲಿ ಕಾನೂನು ಹಾಕಿರೋ ಗೆರೆಗಳು ಕೆಲವೊಮ್ಮೆ ನಗು ತರ್ಸತ್ತೆ, ಕೆಲವೊಮ್ಮೆ ಸಿಟ್ಟು. ಮನೆ ಕೆಳಗೆ ಚಾಸಿ, ಅಂದ್ರೆ ಲಾರಿಗಿರೋ ಥರದ ಅಡಿ ಚೌಕಟ್ಟು, ಪರ್ಮನೆಂಟಾಗಿ ಇರ್ಲೇಬೇಕು ಅಂತ 1974ರ ಕಾಯ್ದೆ ಹೇಳಿತ್ತು, ಮನೆ ಜನ್ಮದಲ್ಲಿ ಇನ್ನೊಂದ್ಸಲ ಅಲ್ಲಾಡದಿದ್ರೂ. ಪ್ಲೈವುಡ್‌ನಿಂದ ಬರೋ ಫಾರ್ಮಾಲ್ಡಿಹೈಡ್ ಅನ್ನೋ ಹಾನಿಕರ ಅನಿಲಕ್ಕೆ ಹಡ್ 1980ರ ದಶಕದಲ್ಲೇ ಮಿತಿ ಹಾಕಿತ್ತು, ಆದ್ರೆ 2005ರ ಕಟ್ರಿನಾ ಚಂಡಮಾರುತದ ನಂತರ ನಿರಾಶ್ರಿತರಿಗೆ ಕೊಟ್ಟ, ಗಾಡಿ ಹಿಂದೆ ಎಳೆಯೋ ಟ್ರಾವೆಲ್ ಟ್ರೈಲರ್‌ಗಳು ಕಾನೂನಿನ ಕಣ್ಣಲ್ಲಿ ಮನೆ ಅಲ್ಲ, ವಾಹನ, ಹಾಗಾಗಿ ಆ ಮಿತಿ ಅವಕ್ಕಿರಲಿಲ್ಲ, ಜನ ತಿಂಗಳುಗಟ್ಟಲೆ ಅದೇ ಗಾಳಿ ಕುಡಿದ್ರು.

ಮತ್ತೆ 2007ರ ಆ ದೇಶವ್ಯಾಪಿ ಇನ್‌ಸ್ಟಾಲೇಶನ್ ರೂಲು ಹೊಸ ಮನೆಯ ಮೊದಲನೇ ಸಲಕ್ಕೆ ಅಷ್ಟೇ. ಸೆಕೆಂಡ್ ಹ್ಯಾಂಡ್ ಮನೆ ಕಿತ್ತು ಬೇರೆ ಕಡೆ ಕೂರಿಸಿದ್ರೆ ರಾಜ್ಯ ಏನು ಹೇಳತ್ತೋ ಅದೇ. ಹಾಗೆ ಕೊಳ್ಳೋರು ಮನೆ ಒಳಗೆ, ಕಿಚನ್ ಕಪಾಟಿನಲ್ಲೋ ಎಲೆಕ್ಟ್ರಿಕ್ ಪ್ಯಾನೆಲ್ ಹತ್ರಾನೋ ಅಂಟಿಸಿರೋ ಡೇಟಾ ಪ್ಲೇಟ್ ಹುಡುಕಿ ಓದ್ಬೇಕು, ಯಾವ ಗಾಳಿ ವಲಯಕ್ಕೆ ಕಟ್ಟಿದ ಮನೆ ಅಂತ ಅದರಲ್ಲೇ ಬರೆದಿರತ್ತೆ.