ಚೀಲ ಬಿಚ್ಚದೆ ರೇಟ್ ಕೇಳುವವರು

ಹೋದ ತಿಂಗಳು ಧಾರವಾಡದಲ್ಲಿ ಹಾರುವ ತಟ್ಟೆಗಳ ಬಗ್ಗೆ ಒಬ್ಬರ ಭಾಷಣ ಕೇಳಿದೆ. ಅನ್ಯಗ್ರಹದವರ ವಿಮಾನದ ವಿಡಿಯೊ ತಮ್ಮ ಹತ್ತಿರ ಇದೆ ಅಂದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು "ಸರ್, ಒಮ್ಮೆ ತೋರಿಸ್ರಿ" ಅಂದಳು. ಅವರು ಅಂಗಿ ಜೇಬಿನ ಪೆನ್‌ಡ್ರೈವ್ ತಟ್ಟಿ, "ಇನ್ನೂ ಟೈಮ್ ಬಂದಿಲ್ಲ ತಂಗಿ. ಜೀವಕ್ಕೆ ಅಪಾಯ ಐತಿ" ಅಂದರು. ಜೀವಭಯ ಇದ್ದವರು ಊರೆಲ್ಲಾ ಪೋಸ್ಟರ್ ಹಚ್ಚಿಸ್ತಾರಾ?

ನನಗೆ ಬ್ಯಾಡಗಿ ಮಾರುಕಟ್ಟೆ ನೆನಪಾಯಿತು. ಮಾವ ಮೆಣಸಿನಕಾಯಿ ಒಯ್ದಾಗ ಜೊತೆಗೆ ಹೋಗಿದ್ದೆ. ಖರೀದಿಗೆ ಬಂದವನು ಚೀಲದ ಮೇಲಿನ ಕಾಯಿ ಮುಟ್ಟಲೇ ಇಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದ. ಹಸಿ ಇದೆಯಾ ಅಂತ ಹಿಸುಕಿದ. ಒಂದನ್ನು ಮುರಿದು ಬೀಜ ನೋಡಿದ, ಬಣ್ಣ ಹೋದ ಕಾಯಿ ಎಷ್ಟಿವೆ ಅಂತ ನೋಡಿದ. ಆಮೇಲೆ ರೇಟಿನ ಮಾತು. "ಒಳಗ ಭಾರಿ ಮಾಲ್ ಐತಿ, ಆದ್ರ ಬಿಚ್ಚೂದಿಲ್ಲ" ಅನ್ನುವವನನ್ನು ಅಲ್ಲಿ ಯಾರೂ ಮೋಸಗಾರ ಅಂತ ಬೈಯುವುದಿಲ್ಲ. ಸುಮ್ನೆ ಪಕ್ಕದ ಚೀಲಕ್ಕೆ ಹೋಗ್ತಾರೆ.

ಬಿಚ್ಚಿದ ಚೀಲವೂ ಒಂದಿದೆ. 2015ರಲ್ಲಿ ಅಮೆರಿಕದ ನೌಕಾಪಡೆಯ ವಿಮಾನ ತೆಗೆದ 'ಗೋಫಾಸ್ಟ್' ವಿಡಿಯೊ. ಸಮುದ್ರದ ಮೇಲೆ ಒಂದು ಚುಕ್ಕೆ ಬಾಣದ ಹಾಗೆ ಓಡುತ್ತದೆ. ಎಂಥವರಿಗೂ ಮೈ ಜುಮ್ಮೆನ್ನುತ್ತದೆ. ಆದರೆ ವಿಮಾನದ ಎತ್ತರ, ಕ್ಯಾಮೆರಾದ ಕೋನ, ಚುಕ್ಕೆ ಎಷ್ಟು ದೂರ, ಎಲ್ಲವೂ ಪರದೆಯ ಮೇಲೇ ಇವೆ. 2023ರಲ್ಲಿ ನಾಸಾದ ತಜ್ಞರ ತಂಡ ಅದೇ ಅಂಕಿ ಹಿಡಿದು ಲೆಕ್ಕ ಹಾಕಿತು. ವಿಮಾನ 25,000 ಅಡಿ ಎತ್ತರದಲ್ಲಿತ್ತು, ಚುಕ್ಕೆ ಸುಮಾರು 13,000 ಅಡಿಯಲ್ಲಿ. ಅದರ ವೇಗ ಗಂಟೆಗೆ ಸುಮಾರು 64 ಕಿ.ಮೀ. ಅಷ್ಟೇ! ಗಾಳಿಯಲ್ಲಿ ತೇಲುವ ವಸ್ತುವೂ ಅಷ್ಟು ವೇಗದಲ್ಲಿ ಹೋಗಬಲ್ಲದು.

ಮತ್ತೆ ಕಣ್ಣಿಗೆ ಓಡಿದ್ದು ಏನು? ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಉಣಕಲ್ ಕೆರೆ ದಾಟುವಾಗ ದಂಡೆಯ ಗಿಡ ನೋಡಿ. ಆಚೆ ದಂಡೆಯ ಮನೆಗಳ ಮುಂದೆ ಅದು ಸರಸರ ಹಿಂದಕ್ಕೆ ಓಡುತ್ತದೆ. ಓಡುತ್ತಿರುವವರು ನೀವು, ಗಿಡ ಅಲ್ಲ. ಬಸ್ಸು ಸಿಗದಿದ್ದರೆ ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಟಣ್ ಅಂತ ಜಿಗಿಯುತ್ತದೆ. ಬೆರಳೇನು ಅಲುಗಿಲ್ಲ, ಅಲ್ವಾ? ಆ ವಿಡಿಯೊದಲ್ಲಿ ವಿಮಾನವೇ ಬಸ್ಸು, ಚುಕ್ಕೆ ಗಿಡ, ಕೆಳಗಿನ ಸಮುದ್ರ ಆಚೆ ದಂಡೆ. ಯಾರಾದರೂ ಪರದೆಯ ಅಂಕಿಗಳನ್ನು ಕತ್ತರಿಸಿ ತೋರಿಸಿದ್ದರೆ ಆ ಚುಕ್ಕೆ ಇವತ್ತಿಗೂ ಗಗನನೌಕೆಯಾಗೇ ಉಳಿದಿರುತ್ತಿತ್ತು.

ಸಿಕ್ಕ ಕೂಡಲೇ ತೋರಿಸಬೇಕು ಅಂತೇನಿಲ್ಲ. 1967ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿನಿ ಜೋಸ್ಲಿನ್ ಬೆಲ್‌ಗೆ ಆಕಾಶದಿಂದ 1.33 ಸೆಕೆಂಡಿಗೊಮ್ಮೆ ತಪ್ಪದೆ ರೇಡಿಯೊ ಮಿಡಿತ ಬರತೊಡಗಿತು. ತಮಾಷೆಗೆ 'ಪುಟ್ಟ ಹಸಿರು ಮನುಷ್ಯರು', ಅಂದರೆ ಅನ್ಯಗ್ರಹದವರು, ಅಂತ ಹೆಸರಿಟ್ಟರು. ಅವರ ತಂಡವೂ ಕೆಲ ವಾರ ಬಾಯಿ ಬಿಡಲಿಲ್ಲ. ಆದರೆ ಆ ಹೊತ್ತಿನಲ್ಲಿ ಬೇರೆ ದೂರದರ್ಶಕದಿಂದ ಪರೀಕ್ಷಿಸಿದರು. ಆಕಾಶದ ಇನ್ನೊಂದು ಕಡೆಯೂ ಅಂಥದ್ದೇ ಮಿಡಿತ ಸಿಕ್ಕಿತು. 1968ರ ಫೆಬ್ರವರಿಯಲ್ಲಿ ಎಲ್ಲವನ್ನೂ ಪ್ರಕಟಿಸಿದರು. ಎತ್ತ ಆಂಟೆನಾ ತಿರುಗಿಸಬೇಕು ಅಂತ ಈಗ ಯಾರಿಗೆ ಬೇಕಾದರೂ ಗೊತ್ತು. ಅದು ಪಲ್ಸಾರ್, ಗಿರಗಿರ ತಿರುಗುವ ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ದೊಡ್ಡ ನಕ್ಷತ್ರದ ಕುಗ್ಗಿದ ತಿರುಳು. ಹಸಿರು ಮನುಷ್ಯರಿಗಿಂತ ಅದೇ ಜಾಸ್ತಿ ಸೋಜಿಗ ಅಂತ ನನ್ನ ಅನಿಸಿಕೆ.

ಪೆನ್‌ಡ್ರೈವಿನವರ ಮುಂದಿನ ಭಾಷಣ ಗದಗದಲ್ಲಿ. ಆ ಹುಡುಗಿಯ ಊರೂ ಅದೇ ಅಂತೆ. ಈ ಸಲ ಮುಂದಿನ ಸಾಲಿನಲ್ಲಿ ಕೂರುತ್ತೇನೆ, ಲ್ಯಾಪ್‌ಟಾಪ್ ನಾನೇ ತರುತ್ತೇನೆ ಅಂದಿದ್ದಾಳೆ.