ಐರಿಷ್ ಸ್ವತಂತ್ರ ರಾಜ್ಯದ ಕಲ್ಯಾಣ ವೆಚ್ಚ: ಒಂದು ಶಿಲ್ಲಿಂಗ್ ಕಡಿತದ ಹಿಂದಿನ ಲೆಕ್ಕ

ಬ್ರಿಟಿಷ್ ಆಳ್ವಿಕೆಯಿಂದ ಬೇರ್ಪಟ್ಟು 1922ರ ಡಿಸೆಂಬರ್‌ನಲ್ಲಿ ಅಸ್ತಿತ್ವಕ್ಕೆ ಬಂದ ಐರಿಷ್ ಸ್ವತಂತ್ರ ರಾಜ್ಯದ (ಇಂದಿನ ಐರ್ಲೆಂಡ್ ಗಣರಾಜ್ಯದ ಪೂರ್ವರೂಪ) ಹಣಕಾಸು ಸಚಿವ ಅರ್ನೆಸ್ಟ್ ಬ್ಲೈತ್ 1924ರಲ್ಲಿ ವೃದ್ಧಾಪ್ಯ ಪಿಂಚಣಿಯನ್ನು ವಾರಕ್ಕೆ 10 ಶಿಲ್ಲಿಂಗ್‌ನಿಂದ (20 ಶಿಲ್ಲಿಂಗ್‌ಗೆ ಒಂದು ಪೌಂಡ್) 9ಕ್ಕೆ ಇಳಿಸಿದರು. ಹೀಗೇಕೆ ಮಾಡಿದರು ಎಂಬ ಪ್ರಶ್ನೆಗೆ, ಇದು ಜಿಪುಣತನವೆಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದರೆ ಉತ್ತರ ಅರ್ಧವಷ್ಟೇ ಆಗುತ್ತದೆ.

ಈ ಪಿಂಚಣಿ ಡಬ್ಲಿನ್ ಸರ್ಕಾರ ರೂಪಿಸಿದ್ದಲ್ಲ. ಬ್ರಿಟಿಷ್ ಸಂಸತ್ತಿನ 1908ರ ಕಾಯ್ದೆಯಂತೆ, 1909ರ ಜನವರಿಯಿಂದ 70 ವರ್ಷ ತುಂಬಿದ ಬಡವರಿಗೆ ವಾರಕ್ಕೆ ಗರಿಷ್ಠ 5 ಶಿಲ್ಲಿಂಗ್ ಸಿಗತೊಡಗಿತು. ಮಹಾಯುದ್ಧದ ಬೆಲೆಯೇರಿಕೆಯ ಬಳಿಕ, 1919ರಲ್ಲಿ, ಅದು 10ಕ್ಕೇರಿತು. ಕೈಗಾರಿಕಾ ಬ್ರಿಟನ್ನಿನ ಬೊಕ್ಕಸಕ್ಕೆ ಒಗ್ಗುತ್ತಿದ್ದ ಈ ದರ, ಯುವಕರು ವಲಸೆ ಹೋಗಿ ಮುದುಕರ ಪಾಲು ಹೆಚ್ಚಾಗಿದ್ದ ಕೃಷಿಪ್ರಧಾನ ಐರ್ಲೆಂಡಿಗೆ ಭಾರವಾಗಿತ್ತು. ಮೇಲಾಗಿ ಅಲ್ಲಿ ಎಲ್ಲರ ಜನನ ನೋಂದಣಿ ಆರಂಭವಾದದ್ದೇ 1864ರಲ್ಲಿ. ಹೀಗಾಗಿ ಮೊದಲ ಅರ್ಜಿದಾರರಲ್ಲಿ ಎಷ್ಟೋ ಮಂದಿ, 1839ರ ಜನವರಿ 6ರ ರಾತ್ರಿ ಬೀಸಿದ ಬಿರುಗಾಳಿ ತಮಗೆ ನೆನಪಿದೆ ಎಂದು ಹೇಳಿಯೇ ವಯಸ್ಸನ್ನು ಸಾಬೀತುಪಡಿಸಲು ಯತ್ನಿಸಿದರು. ಆ ರಾತ್ರಿ ಹುಟ್ಟಿದ ಮಗುವಿಗೆ 1909ರಲ್ಲಿ ಸರಿಯಾಗಿ 70 ತುಂಬುತ್ತಿತ್ತಾದ್ದರಿಂದ, ಗಾಳಿಯ ನೆನಪಿದ್ದವರು ಅರ್ಹರೇ ಆಗಿರಬೇಕಿತ್ತು!

ಬ್ರಿಟನ್ ಜೊತೆಗಿನ ಒಪ್ಪಂದವನ್ನು ಒಪ್ಪಿದವರಿಗೂ ವಿರೋಧಿಸಿದವರಿಗೂ ನಡುವೆ 1922–23ರಲ್ಲಿ ನಡೆದ ಅಂತರ್ಯುದ್ಧದ ಸೇನಾ ವೆಚ್ಚ ಮತ್ತು ಸುಟ್ಟ ಆಸ್ತಿಗಳ ಪರಿಹಾರ ಹೊಸ ಖಜಾನೆಯನ್ನು ಬರಿದಾಗಿಸಿದ್ದವು. 1923ರ ಕೊನೆಯಲ್ಲಿ ಸರ್ಕಾರ 1 ಕೋಟಿ ಪೌಂಡ್‌ಗಳ ಮೊದಲ ರಾಷ್ಟ್ರೀಯ ಸಾಲವನ್ನು ಎತ್ತಿತು. ಸಾಲ ಕೊಡುವವರ ನಂಬಿಕೆ ಉಳಿಯಬೇಕಾದರೆ ಆಯವ್ಯಯ ಸರಿದೂಗಬೇಕು ಎಂಬುದು ಬ್ಲೈತ್ ಅವರ ನಿಲುವಾಗಿತ್ತು. ಆದ್ದರಿಂದಲೇ ಶಿಕ್ಷಕರ ಸಂಬಳಕ್ಕೂ ಶೇ. 10ರಷ್ಟು ಕತ್ತರಿ ಬಿತ್ತು. ಆದರೂ ಇಕ್ಕಟ್ಟಿನ ವಾದವನ್ನು ಪೂರ್ತಿಯಾಗಿ ಒಪ್ಪುವುದು ನನಗೆ ಕಷ್ಟ, ಏಕೆಂದರೆ ಪೌಂಡಿಗೆ 5 ಶಿಲ್ಲಿಂಗ್ ಇದ್ದ ವರಮಾನ ತೆರಿಗೆಯನ್ನು ಅದೇ ಸರ್ಕಾರ ಆ ದಶಕ ಮುಗಿಯುವ ಮೊದಲೇ 3ಕ್ಕೆ ಇಳಿಸಿತು. ಪಿಂಚಣಿಯ ಕಡಿತವನ್ನು 1928ರಲ್ಲಿ ಹಿಂತೆಗೆದುಕೊಂಡರೂ ಜನ ಅದನ್ನು ಮರೆಯಲಿಲ್ಲ.

1932ರಲ್ಲಿ ಅಧಿಕಾರಕ್ಕೆ ಬಂದ ಡಿ ವಲೆರಾ ಅವರ ಫಿಯಾನ ಫಾಲ್ ಪಕ್ಷ ಪಿಂಚಣಿಯ ನಿಯಮಗಳನ್ನು ಸಡಿಲಿಸಿತು. ವಸತಿಗೆ ಅನುದಾನ ಹೆಚ್ಚಿಸಿತು. 1933ರಲ್ಲಿ ನಿರುದ್ಯೋಗ ನೆರವನ್ನು, 1935ರಲ್ಲಿ ವಿಧವೆಯರ ಮತ್ತು ಅನಾಥರ ಪಿಂಚಣಿಯನ್ನು ತಂದಿತು. ಬ್ರಿಟನ್ನಿಗೆ ಸಲ್ಲಬೇಕಿದ್ದ ವರ್ಷಕ್ಕೆ ಸುಮಾರು 30 ಲಕ್ಷ ಪೌಂಡ್‌ಗಳ ಭೂಕಂತನ್ನು (ಐರಿಷ್ ರೈತರು ಜಮೀನು ಕೊಳ್ಳಲು ಬ್ರಿಟಿಷ್ ಸರ್ಕಾರ ಕೊಟ್ಟಿದ್ದ ಸಾಲದ ಮರುಪಾವತಿ) ತಡೆಹಿಡಿದದ್ದು ಬೊಕ್ಕಸಕ್ಕೆ ಒಂದಿಷ್ಟು ಉಸಿರಾಡಲು ಅವಕಾಶ ಕೊಟ್ಟಿತಾದರೂ, ಅದರಿಂದ ಹುಟ್ಟಿದ, ಎರಡೂ ದೇಶಗಳು ಪರಸ್ಪರರ ಸರಕಿಗೆ ಸುಂಕ ಹೇರಿದ ಆರ್ಥಿಕ ಸಮರ ದನದ ವ್ಯಾಪಾರವನ್ನು ಕೆಡಿಸಿ ಹಳ್ಳಿಗಳಲ್ಲಿ ನೆರವು ಬೇಡುವವರನ್ನು ಹೆಚ್ಚಿಸಿತು. ನಿರುದ್ಯೋಗ ನೆರವೂ ಎಲ್ಲರಿಗೂ ಒಂದೇ ತೆರನಾಗಿರಲಿಲ್ಲ: ಹಳ್ಳಿಯ ದರ ನಗರದ್ದಕ್ಕಿಂತ ಕಡಿಮೆಯಿತ್ತು, ಮತ್ತು ಹೊಲದಲ್ಲಿ ಕೆಲಸ ಸಿಗುತ್ತದೆಂಬ ಕಾರಣ ನೀಡಿ, ಅವಲಂಬಿತರಿಲ್ಲದ ಹಳ್ಳಿಯ ಗಂಡಸರಿಗೆ ಬೇಸಿಗೆಯ ತಿಂಗಳುಗಳಲ್ಲಿ ಅದನ್ನು ನಿಲ್ಲಿಸಲಾಗುತ್ತಿತ್ತು.